ಕಾರವಾರದ ದಡದಲ್ಲಿ ಕಡಲ್ಗಳ್ಳರು



ಕಡಲ್ಗಳ್ಳರು ಎಂದ ಕೂಡಲೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ಅದು ಘಟ್ಟದ ಕೆಳಗಿನವರ ಕಥೆ ಎಂದು ಸುಮ್ಮನಾಗಬಹುದು. ನಮ್ಮಲ್ಲಿ ಇರುವುದು ತೋಟ, ಗದ್ದೆ, ಬೆಟ್ಟ. ಕಡಲು ನೋಡಬೇಕೆಂದರೆ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿಯಬೇಕು. ಆದರೆ ಆ ಕಡಲಿಗೆ ದೂರದೇಶದ ಹಡಗುಗಳನ್ನು ಎಳೆದು ತಂದದ್ದು ನಮ್ಮ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಕಾಳು. ಹಡಗುಗಳ ಬೆನ್ನಿಗೆ ಕಳ್ಳರು ಬಂದರು. ಆದ್ದರಿಂದ ಈ ಕಥೆಯಲ್ಲಿ ಘಟ್ಟದ ಮೇಲಿನವರಿಗೂ ಪಾಲಿದೆ. ಆ ಪಾಲು ಎಷ್ಟರದ್ದು ಎಂಬುದನ್ನೇ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ಕಡಲ್ಗಳ್ಳರ ಬಗ್ಗೆ ನಮಗೆ ಇರುವ ಚಿತ್ರವೆಲ್ಲ ಸಿನಿಮಾದಿಂದ ಬಂದದ್ದು. ಬಂದರಿನ ಮದ್ಯದಂಗಡಿ, ಮಂದ ಬೆಳಕು, ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡವನು, ಮೇಜಿನ ಮೇಲೆ ಚಾಕು. ಈ ಚಿತ್ರದಲ್ಲಿ ಮುಖ್ಯವಾದ ಒಂದು ಸಂಗತಿ ಮರೆಯಾಗಿಬಿಡುತ್ತದೆ. ಕಳ್ಳ ಕಡಲಿನಲ್ಲಿ ಬದುಕಲಾರ. ಹಡಗಿಗೆ ಕುಡಿಯುವ ನೀರು ಬೇಕು, ಒಲೆಗೆ ಕಟ್ಟಿಗೆ ಬೇಕು, ಅಕ್ಕಿ ಬೇಕು, ಹುಳು ತಿಂದ ಹಲಗೆ ಬದಲಿಸಲು ಮರ ಬೇಕು. ಕದ್ದ ಮಾಲನ್ನು ಕೊಳ್ಳುವವನು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಸುದ್ದಿ ಬೇಕು. ಯಾವ ಹಡಗು ಯಾವ ದಿನ ಹೊರಡುತ್ತದೆ, ಅದರಲ್ಲಿ ಏನಿದೆ, ಕಾವಲಿಗೆ ಎಷ್ಟು ಜನ? ಇವೆಲ್ಲ ಸಿಗುವುದು ದಡದಲ್ಲಿ. ಮದ್ಯದಂಗಡಿಯ ನಿಜವಾದ ವ್ಯಾಪಾರ ಮದ್ಯದ್ದಲ್ಲ, ಈ ಸುದ್ದಿಯದ್ದು.

ಹಿಂದೂ ಮಹಾಸಾಗರದಲ್ಲಿ ಇದಕ್ಕೆ ಎದ್ದು ಕಾಣುವ ಉದಾಹರಣೆ ಮಡಗಾಸ್ಕರ್ ಪಕ್ಕದ ಸಾಂತ್ ಮಾರಿ ಎಂಬ ಪುಟ್ಟ ದ್ವೀಪ. ಅಲ್ಲಿ 1691ರಿಂದ 1697ರವರೆಗೆ ಆಡಂ ಬಾಲ್ಡ್ರಿಜ್ ಎಂಬಾತ ಅಂಗಡಿ ಇಟ್ಟಿದ್ದ. ನ್ಯೂಯಾರ್ಕಿನ ಫ್ರೆಡರಿಕ್ ಫಿಲಿಪ್ಸ್ ಎಂಬ ಸಾಹುಕಾರ ಅವನಿಗೆ ರಮ್ಮು, ದ್ರಾಕ್ಷಾರಸ, ಬಟ್ಟೆ, ಮದ್ದುಗುಂಡು ಕಳಿಸುತ್ತಿದ್ದ. ನಮ್ಮ ಕಡಲಿನಲ್ಲಿ ದೋಚಿಕೊಂಡು ಹೋದವರು ಅಲ್ಲಿ ಚಿನ್ನ ಸುರಿದು ಕುಡಿಯುತ್ತಿದ್ದರು. ಆ ಸಾಹುಕಾರನೇನೂ ಕತ್ತಿ ಹಿಡಿದವನಲ್ಲ, ಊರಿನ ಗಣ್ಯ ಮನುಷ್ಯ. ಕಡಲ್ಗಳ್ಳತನದ ಲಾಭ ಯಾರ ಮನೆ ಸೇರುತ್ತಿತ್ತು ಎಂದು ಹುಡುಕುವವರು ಹಡಗನ್ನಷ್ಟೇ ನೋಡಿದರೆ ಸಾಲದು.

ಹಾಗಾದರೆ ನಮ್ಮ ಕರಾವಳಿಯಲ್ಲಿ ಅಂಥ ಅಂಗಡಿ ಹೇಗಿದ್ದೀತು? ತೆಂಗಿನ ಮರದ ಕಳ್ಳಿನ ಗುಣ ಬಲ್ಲವರಿಗೆ ಉತ್ತರ ಸುಲಭ. ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ನೊರೆಗಟ್ಟಿ ಅಮಲೇರುತ್ತದೆ, ಮಾರನೆಯ ದಿನಕ್ಕೆ ಹುಳಿ. ಅದನ್ನು ಪೀಪಾಯಿಗೆ ತುಂಬಿ ವಾರಗಟ್ಟಲೆ ಹಡಗಿನಲ್ಲಿ ಒಯ್ಯಲು ಬರುವುದಿಲ್ಲ. ಭಟ್ಟಿ ಇಳಿಸಿ ಸಾರಾಯಿ ಮಾಡಿದರೆ ಮಾತ್ರ ಒಯ್ಯಬಹುದು. ಹಾಗಾಗಿ ಕಳ್ಳು ಬೇಕಾದ ನಾವಿಕ ದಡಕ್ಕೆ ಬರಲೇಬೇಕು, ಮರದ ಬುಡದಲ್ಲೇ ಕೂರಬೇಕು. ಕೂತವನು ಮಾತಾಡುತ್ತಾನೆ. ತಿಂಗಳುಗಟ್ಟಲೆ ಒಂದೇ ಮುಖಗಳನ್ನು ನೋಡಿ ಬೇಸತ್ತವನು ಹೊಸಬರ ಮುಂದೆ ಇನ್ನೂ ಹೆಚ್ಚು ಮಾತಾಡುತ್ತಾನೆ. ತೆಂಗಿನ ತೋಪಿನ ನೆರಳು, ಗಡಿಗೆ, ಚಿಪ್ಪು, ಸುತ್ತ ನಾಲ್ಕು ಭಾಷೆಯ ಜನ. ನಮ್ಮ ಬಂದರಿನ ಮದ್ಯದಂಗಡಿಯನ್ನು ಹೀಗೆ ಕಲ್ಪಿಸಿಕೊಳ್ಳಿ.

ಕಳ್ಳಿನಂಗಡಿಯಷ್ಟೇ ಅಲ್ಲ, ನೀರಿನ ಕಟ್ಟೆಯೂ ಸುದ್ದಿಯ ಜಾಗವೇ. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಮೊರಾಕ್ಕೊದ ಇಬ್ನ್ ಬತೂತ ಇದನ್ನು ಸೊಗಸಾಗಿ ವರ್ಣಿಸಿದ್ದಾನೆ. ಅವನ ಲೆಕ್ಕದಲ್ಲಿ ಮಲಬಾರ್ ಎಂದರೆ ಗೋವೆಯಿಂದ ಕೊಲ್ಲಂವರೆಗಿನ ದಾರಿ, ಅಂದರೆ ನಮ್ಮ ಜಿಲ್ಲೆಯ ಕರಾವಳಿಯೂ ಅದರಲ್ಲಿ ಸೇರಿತು. ದಾರಿಯುದ್ದಕ್ಕೂ ಮರದ ನೆರಳು. ಅರ್ಧ ಅರ್ಧ ಮೈಲಿಗೆ ಒಂದು ಮರದ ಮನೆ, ಅದರಲ್ಲಿ ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಹಿಂದೂಗಳಾದರೆ ಪಾತ್ರೆಯಲ್ಲಿ, ಮುಸಲ್ಮಾನರಾದರೆ ಬೊಗಸೆಗೆ ನೀರು ಹೊಯ್ಯುತ್ತಿದ್ದರಂತೆ. ಮಡಿ ಮೈಲಿಗೆಯೂ ಇತ್ತು, ಬಾಯಾರಿದವರಿಗೆ ನೀರೂ ಇತ್ತು. ಎರಡನ್ನೂ ಅವನು ಮುಚ್ಚಿಡದೆ ಬರೆದ.

ಅದೇ ಇಬ್ನ್ ಬತೂತ ಹೊನ್ನಾವರವನ್ನು ಬಾಯಿತುಂಬ ಹೊಗಳಿದ್ದಾನೆ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡನಂತೆ. ಅಲ್ಲಿನ ಸುಲ್ತಾನ ಜಮಾಲುದ್ದೀನನ ನೌಕಾಬಲಕ್ಕೆ ಹೆದರಿ ಮಲಬಾರಿನವರು ಅವನಿಗೆ ಕಪ್ಪ ಕೊಡುತ್ತಿದ್ದರೆಂದೂ, ಗೋವೆಯ ಮೇಲೆ ಅವನು 52 ಹಡಗುಗಳೊಂದಿಗೆ ಏರಿಹೋದನೆಂದೂ ಬರೆದಿದ್ದಾನೆ. ಮುಂದೆ ಒಂದು ಪಯಣದಲ್ಲಿ, ಹೊನ್ನಾವರಕ್ಕೂ ಬಾರಕೂರಿಗೂ ನಡುವೆ, ಹನ್ನೆರಡು ಯುದ್ಧದ ಹಡಗುಗಳು ಇಬ್ನ್ ಬತೂತನ ಹಡಗಿನ ಮೇಲೆ ಬಿದ್ದವು. ಸಿಂಹಳದ ಅರಸ ಕೊಟ್ಟ ರತ್ನಗಳು ಹೋದವು, ಬಟ್ಟೆ ಹೋಯಿತು, ವರ್ಷಗಳಿಂದ ಬರೆದುಕೊಂಡಿದ್ದ ಟಿಪ್ಪಣಿಗಳಲ್ಲೂ ಕೆಲವು ಹೋದವು. ಒಂದು ಚಲ್ಲಣ ಬಿಟ್ಟು ಮೈಮೇಲೆ ಏನೂ ಉಳಿಸಲಿಲ್ಲ. ದಡಕ್ಕೆ ಇಳಿಸಿಬಿಟ್ಟರು, ಕೊಲ್ಲಲಿಲ್ಲ. ಕಲ್ಲಿಕೋಟೆಗೆ ಹೋದಾಗ ಒಬ್ಬ ಪಂಡಿತ ಅಂಗಿ ಕಳಿಸಿದ, ಖಾಜಿ ಮುಂಡಾಸು ಕಳಿಸಿದ, ಒಬ್ಬ ವ್ಯಾಪಾರಿ ಇನ್ನೊಂದು ಅಂಗಿ ಕೊಟ್ಟ. ಕದ್ದವರೂ ಈ ಕರಾವಳಿಯವರು, ಮೈಮುಚ್ಚಿ ಕಾಪಾಡಿದವರೂ ಈ ಕರಾವಳಿಯವರು.

ಕೊಲ್ಲದೆ ಬಿಡುವುದರ ಹಿಂದೆ ಲೆಕ್ಕಾಚಾರವೂ ಇತ್ತು. ಇಬ್ನ್ ಬತೂತನಿಗಿಂತ ಸುಮಾರು ಅರ್ಧ ಶತಮಾನ ಮೊದಲು ಬಂದ ವೆನಿಸಿನ ಮಾರ್ಕೊ ಪೋಲೊ ಮಲಬಾರಿನ ಕಡಲ್ಗಳ್ಳರ ಪದ್ಧತಿಯನ್ನು ದಾಖಲಿಸಿದ್ದಾನೆ. ಇಪ್ಪತ್ತು ಮೂವತ್ತು ದೋಣಿಗಳು ಐದಾರು ಮೈಲಿಗೊಂದರಂತೆ ಸಾಲಾಗಿ ನಿಲ್ಲುತ್ತವೆ. ನೂರು ಮೈಲಿ ಕಡಲಿಗೆ ಬಲೆ ಹರಡಿದಂತೆ. ಒಂದು ದೋಣಿಗೆ ಹಡಗು ಕಂಡರೆ ಹೊಗೆ ಅಥವಾ ಬೆಂಕಿಯ ಸನ್ನೆ ಕೊಡುತ್ತದೆ, ಉಳಿದವು ಕೂಡಿಕೊಳ್ಳುತ್ತವೆ. ಮಾಲು ದೋಚಿ ವ್ಯಾಪಾರಿಯನ್ನು ಬಿಟ್ಟುಬಿಡುತ್ತಾರೆ. ಅವನು ಹೋಗಿ ಮತ್ತೆ ಸಂಪಾದಿಸಿಕೊಂಡು ಬಂದರೆ ಮತ್ತೆ ದೋಚಬಹುದಲ್ಲ ಎಂಬ ಲೆಕ್ಕ. ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡೇ ಅವರು ಕಡಲಿಗೆ ಇಳಿಯುತ್ತಿದ್ದರಂತೆ. ಗುಜರಾತಿನ ಕಡೆಯವರು ಇನ್ನೊಂದು ಹೆಜ್ಜೆ ಮುಂದೆ: ವ್ಯಾಪಾರಿ ಮುತ್ತು ರತ್ನ ನುಂಗಿರಬಹುದೆಂದು ಹುಣಸೆಹಣ್ಣನ್ನು ಸಮುದ್ರದ ನೀರಿನಲ್ಲಿ ಕದಡಿ ಕುಡಿಸುತ್ತಿದ್ದರು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ!

ಈಗ ಹೊನ್ನಾವರದ ತಿಮ್ಮೋಜನ ವಿಷಯಕ್ಕೆ ಬರೋಣ. ಪೋರ್ಚುಗೀಸರ ಬರಹಗಳಲ್ಲಿ ತಿಮೋಜ ಎಂದು ಬರುವ ಈತ ಕನ್ನಡ ಕರಾವಳಿಯ ಅತ್ಯಂತ ಹೆಸರುವಾಸಿ ಕಡಲ್ಗಳ್ಳ. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವ ಮುನ್ನ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ತಂಗಿದ್ದ. ಅಲ್ಲಿ ಸಿಹಿನೀರಿನ ಕೆರೆ ಇತ್ತು, ಹಡಗನ್ನು ಓರೆಯಾಗಿಸಿ ತಳ ಕೆರೆಯಲು ಅನುಕೂಲವಿತ್ತು. ಆಗ ತಿಮ್ಮೋಜ ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಸೊಪ್ಪಿನ ಕೊಂಬೆಗಳನ್ನು ಹೊದಿಸಿ, ತೇಲುವ ತೋಪಿನಂತೆ ಮಾಡಿಕೊಂಡು ಹತ್ತಿರ ಬಂದನೆಂದು ಪೋರ್ಚುಗೀಸ್ ಇತಿಹಾಸಕಾರರು ಬರೆದಿದ್ದಾರೆ. ಗಾಮನ ತೋಪುಗಳು ಸಿಡಿದ ಮೇಲೆ ಆ ಹಸಿರು ತೋಪು ಚೆದುರಿ ಓಡಿತು. ಅದೇ ದಿನಗಳಲ್ಲಿ ಗೋವೆಯ ಕಡೆಯಿಂದ ಒಬ್ಬ ಯೆಹೂದಿ ಬಂದು, ಇಟಲಿಯ ಮಾತಾಡುತ್ತ ಗಾಮನನ್ನು ಅಪ್ಪಿಕೊಂಡ. ಹಿಡಿದು ಹೊಡೆದಾಗ ತಾನು ಬೇಹಿಗೆ ಬಂದವನೆಂದು ಒಪ್ಪಿಕೊಂಡ. ಮುಂದೆ ಅವನೇ ಗಾಸ್ಪರ್ ಡ ಗಾಮ ಎಂಬ ಹೆಸರಿನಿಂದ ಪೋರ್ಚುಗೀಸರ ದುಭಾಷಿಯಾದ. ಒಂದು ಕೆರೆಯ ಸುತ್ತ ಎಷ್ಟೆಲ್ಲ ನಡೆದುಹೋಯಿತು ನೋಡಿ.

1505ರ ಆಸುಪಾಸಿನಲ್ಲಿ ಹೊನ್ನಾವರಕ್ಕೆ ಬಂದ ಇಟಲಿಯ ವರ್ತೇಮಾ, ಇಲ್ಲಿಯ ಅರಸನ ಏಳೆಂಟು ಹಡಗುಗಳು ಸದಾ ಕಡಲಿನಲ್ಲಿ ಸುತ್ತುತ್ತಿರುತ್ತವೆ ಎಂದು ಬರೆದ. ಪೋರ್ಚುಗೀಸರ ದುವಾರ್ತೆ ಬಾರ್ಬೊಸಾ ಇನ್ನೂ ಬಿಡಿಸಿ ಹೇಳುತ್ತಾನೆ: ತಿಮ್ಮೋಜನೂ ಅವನಂಥ ಇನ್ನೊಬ್ಬನೂ ತಲಾ ಐದಾರು ದೊಡ್ಡ ಹಡಗು ಇಟ್ಟುಕೊಂಡು, ಮಲಬಾರಿನವರನ್ನು ಬಿಟ್ಟು ಕಂಡ ಹಡಗನ್ನೆಲ್ಲ ದೋಚುತ್ತಿದ್ದರು. ಆ ನೆಲದ ಒಡೆಯನ ಆಸರೆ ಅವರಿಗಿತ್ತು. ಕಡಲಿನಲ್ಲಿ ಕದ್ದವನಿಗೆ ದಡದಲ್ಲಿ ನೆರಳು, ನೆರಳು ಕೊಟ್ಟವನಿಗೆ ಪಾಲು.

1510ರಲ್ಲಿ ಇದೇ ತಿಮ್ಮೋಜ ಚರಿತ್ರೆಯ ದಿಕ್ಕನ್ನೇ ತಿರುಗಿಸಿದ. ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ನೌಕಾಪಡೆಯೊಡನೆ ಕೆಂಪು ಸಮುದ್ರದ ಕಡೆಗೆ ಹೊರಟಿದ್ದ. ತಿಮ್ಮೋಜ ಅವನನ್ನು ಕಂಡು, ಅಷ್ಟು ದೂರ ಯಾಕೆ ಹೋಗುತ್ತೀರಿ, ಗೋವೆ ಈಗ ಕೈಗೆಟುಕುವ ಹಾಗಿದೆ, ಅಲ್ಲಿ ಕಾವಲು ಸಡಿಲಾಗಿದೆ, ಜನ ಆದಿಲಶಾಹಿಗೆ ಬೇಸತ್ತಿದ್ದಾರೆ ಎಂಬ ಸುದ್ದಿ ಕೊಟ್ಟ. ಅಲ್ಬುಕರ್ಕ್ ನಂಬಿದ. ಅದೇ ವರ್ಷ ಗೋವೆ ಅವನ ಕೈಗೆ ಬಂತು, ಬೇಸಿಗೆಯಲ್ಲಿ ತಪ್ಪಿತು, ನವೆಂಬರ್ 25ರಂದು ಮತ್ತೆ ಸಿಕ್ಕಿತು. ಆಮೇಲೆ 1961ರವರೆಗೆ ಪೋರ್ಚುಗೀಸರು ಅಲ್ಲಿಂದ ಕದಲಲಿಲ್ಲ. ಹೊನ್ನಾವರದ ಕಡಲ್ಗಳ್ಳ ಕೊಟ್ಟ ಒಂದು ಸುದ್ದಿಗೆ ನಾಲ್ಕೂವರೆ ಶತಮಾನದ ಬಾಳಿಕೆ!

ತಿಮ್ಮೋಜನನ್ನು ಕಳ್ಳ ಎಂದು ಬರೆದವರು ಯಾರು ಎಂಬುದನ್ನೂ ಮರೆಯಬಾರದು. 1502ರಲ್ಲಿ ಎರಡನೆಯ ಸಲ ಬಂದ ಗಾಮ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ. ಅಲ್ಲಿಂದ ಭಟ್ಕಳಕ್ಕೆ ಹೋಗಿ, ವರ್ಷಕ್ಕೆ 1000 ಹೇರು ಅಕ್ಕಿ, ಅದರ ಮೇಲೆ 500 ಹೇರು ಉತ್ತಮ ಅಕ್ಕಿ ಕಪ್ಪ ಕೊಡಬೇಕು, ಮೆಣಸಿನ ವ್ಯಾಪಾರ ಮಾಡಕೂಡದು ಎಂದು ಕಟ್ಟಳೆ ಹಾಕಿದ. ತಮ್ಮ ರಹದಾರಿ ಚೀಟಿ ಇಲ್ಲದ ಹಡಗು ಸಿಕ್ಕರೆ ಪೋರ್ಚುಗೀಸರು ಹಿಡಿಯುತ್ತಿದ್ದರು. ನಮ್ಮ ಜನ ತಲೆಮಾರುಗಳಿಂದ ಮಾರುತ್ತಿದ್ದ ಕಾಳನ್ನು ಮಾರಬೇಡ ಎನ್ನಲು ಲಿಸ್ಬನ್ನಿನಿಂದ ಬಂದವನಿಗೆ ಯಾವ ಹಕ್ಕಿತ್ತು? ತಿಮ್ಮೋಜನ ದೋಣಿಗಳು ಹಡಗು ದೋಚುತ್ತಿದ್ದವು. ಈ ರಹದಾರಿ ಚೀಟಿ ಕಡಲನ್ನೇ ದೋಚಿತು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಕಳ್ಳತನ.

ಘಟ್ಟದ ಮೇಲಿನ ಮಾತಿಗೆ ಬರುತ್ತೇನೆ. ಆ ಕಾಲದಲ್ಲಿ ಸಿದ್ದಾಪುರದ ಸೀಮೆಯಲ್ಲಿ ಬಿಳಗಿಯ ಅರಸರು, ಶರಾವತಿಯ ಬದಿಗೆ ಗೇರುಸೊಪ್ಪೆಯವರು, ಶಿರಸಿ ಯಲ್ಲಾಪುರದ ಕಡೆಗೆ ಸೋದೆಯ ನಾಯಕರು. ಎಲ್ಲರ ಬೊಕ್ಕಸಕ್ಕೂ ಮೆಣಸು ಬಲ. ಹದಿನಾರನೆಯ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. 1670ರ ದಶಕದಲ್ಲಿ ಕಾರವಾರಕ್ಕೆ ಬಂದಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ರಾಯರ್, ಸೋದೆ ಸೀಮೆಯ ಮೆಣಸು ಜಗತ್ತಿನಲ್ಲೇ ಉತ್ತಮ, ಬೆಲೆಯಲ್ಲೂ ಎಲ್ಲಕ್ಕಿಂತ ಮೇಲು ಎಂದು ಬರೆದಿದ್ದಾನೆ. ಮಾಘ ಫಾಲ್ಗುಣದಲ್ಲಿ ಬಳ್ಳಿಯಿಂದ ಕರೆ ಬಿಡಿಸಿ, ಅಂಗಳದಲ್ಲಿ ಹರವಿ, ಕಾಲಿನಲ್ಲಿ ತುಳಿದು ಕಾಳು ಬೇರ್ಪಡಿಸಿ, ಕರಿಸುಕ್ಕು ಬೀಳುವವರೆಗೆ ಒಣಗಿಸಿ, ಎತ್ತಿನ ಮೇಲೆ ಹೇರು ಕಟ್ಟಿ ಘಟ್ಟ ಇಳಿಸಿದ ಜನರ ಕೈಗುಣಕ್ಕೆ ಸಂದ ಮಾತು ಅದು. ಆ ಹೊಗಳಿಕೆ ಅವರ ಕಿವಿಗೆ ಬೀಳಲಿಲ್ಲ. ಅದರ ಬೆಲೆಯೂ ಪೂರಾ ಅವರ ಕೈ ಸೇರಲಿಲ್ಲ.

ಈ ಮೆಣಸಿಗಾಗಿಯೇ ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದದ್ದು. ಅಂದಿನ ಕಾರವಾರ ಈಗಿನ ಪೇಟೆಯಲ್ಲ, ಕಾಳಿ ನದಿಯ ಒಳಗಣ ಕಡವಾಡದ ಕಡೆಯದು. ಅಂಥ ಬಂದರಿಗೆ 1697ರ ಸೆಪ್ಟೆಂಬರ್ 3ರಂದು ಅಡ್ವೆಂಚರ್ ಗ್ಯಾಲಿ ಎಂಬ ಹಡಗು ಬಂತು. 34 ತೋಪು, ಗಾಳಿ ಬಿದ್ದಾಗ ಹುಟ್ಟು ಹಾಕಲು 46 ಹುಟ್ಟುಗೋಲು. ನಾಯಕ ವಿಲಿಯಂ ಕಿಡ್. ಕಡಲ್ಗಳ್ಳರ ಕಥೆ ಓದಿದ ಜಗತ್ತಿನ ಯಾವ ಮಗುವಿಗೂ ಗೊತ್ತಿರುವ ಹೆಸರು. ಶಿರಸಿಯಲ್ಲಿ ಮಾರಿಕಾಂಬೆಯ ಗುಡಿ ಎದ್ದದ್ದು 1688ರಲ್ಲಿ. ಅದಾಗಿ ಒಂಬತ್ತೇ ವರ್ಷಕ್ಕೆ ನಮ್ಮ ಕೆಳಗಿನ ಬಂದರಿನಲ್ಲಿ ಕ್ಯಾಪ್ಟನ್ ಕಿಡ್ ಲಂಗರು ಹಾಕಿದ್ದ!

ಅವನು ಬಂದ ಕಾಲವನ್ನು ಗಮನಿಸಿ. ಮಳೆಗಾಲದಲ್ಲಿ ನಮ್ಮ ಬಂದರುಗಳಿಗೆ ಬಾಗಿಲು. ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ ಹಡಗುಗಳ ಓಡಾಟ ಸುರು. ವ್ಯಾಪಾರದ ಹಡಗು ಹೊರಡುವ ಹೊತ್ತಿಗೇ ಕಳ್ಳನೂ ಹೊರಡಬೇಕಲ್ಲ. ಕಿಡ್‌ನ ಕೈಯಲ್ಲಿ ಇಂಗ್ಲೆಂಡಿನ ಅರಸ ಮೂರನೆಯ ವಿಲಿಯಮನ ಮೊಹರಿನ ಸನ್ನದು ಇತ್ತು: ಕಡಲ್ಗಳ್ಳರನ್ನೂ ಫ್ರೆಂಚರ ಹಡಗುಗಳನ್ನೂ ಹಿಡಿಯುವ ಅಧಿಕಾರ. ಆದರೆ ಕಾರವಾರಕ್ಕೆ ಬರುವ ಮೊದಲೇ ಅವನು ಕೆಂಪು ಸಮುದ್ರದ ಬಾಯಲ್ಲಿ ಯಾತ್ರಿಕರ ಹಡಗುಗಳಿಗೆ ಹೊಂಚು ಹಾಕಿ ಸೋತಿದ್ದ. ದಾರಿಯಲ್ಲಿ ಮೇರಿ ಎಂಬ ಸಣ್ಣ ಹಡಗನ್ನು ಹಿಡಿದು, ಅದರ ನಾಯಕ ಪಾರ್ಕರನನ್ನೂ ಒಬ್ಬ ಪೋರ್ಚುಗೀಸ್ ದುಭಾಷಿಯನ್ನೂ ತನ್ನ ಹಡಗಿನಲ್ಲಿ ಇಟ್ಟುಕೊಂಡಿದ್ದ. ಕಾರವಾರದಲ್ಲಿ ಸನ್ನದು ತೋರಿಸಿ, ನೀರು ಮತ್ತು ಕಟ್ಟಿಗೆ ಕೇಳಿದ. ಕೋಠಿಯವರು ಕೊಟ್ಟರು.

ನೀರು ತುಂಬಲು ಜನರನ್ನು ದಡಕ್ಕೆ ಇಳಿಸಲೇಬೇಕು. ಅಲ್ಲೇ ಕಿಡ್‌ನ ಗುಟ್ಟು ಸೋರಿತು. ಇಳಿದವರಲ್ಲಿ ಕೆಲವರು ಹಡಗಿಗೆ ಮರಳಲಿಲ್ಲ. ಅವರಲ್ಲಿ ಬೆಂಜಮಿನ್ ಫ್ರಾಂಕ್ಸ್ ಎಂಬ ರತ್ನಪಡಿ ವ್ಯಾಪಾರಿಯ ಕಥೆ ನನ್ನ ಮನಸ್ಸಿಗೆ ತಾಗಿದ್ದು. ಜಮೈಕಾದ ಪೋರ್ಟ್ ರಾಯಲ್ ಊರು 1692ರ ಭೂಕಂಪದಲ್ಲಿ ಸಮುದ್ರದ ಪಾಲಾದಾಗ ಇವನ ಆಸ್ತಿಯೂ ಮುಳುಗಿತ್ತು. ಹಿಂದುಸ್ತಾನದಲ್ಲಿ ರತ್ನದ ವ್ಯಾಪಾರ ಮಾಡಿ ಮತ್ತೆ ತಲೆಯೆತ್ತೋಣ ಎಂದು ಕಿಡ್‌ನ ಹಡಗು ಹತ್ತಿದ್ದ. ಹತ್ತಿದ ಮೇಲೆ ತಿಳಿಯಿತು, ಇದು ದೋಚುವ ಹಡಗು ಎಂದು. ಕಾರವಾರದಲ್ಲಿ ಇಳಿಯಲು ಅಪ್ಪಣೆ ಬೇಡಿದ, ತನ್ನಲ್ಲಿದ್ದ ಒಳ್ಳೆಯ ತುಪ್ಪಳದ ಟೋಪಿಯೊಂದನ್ನು ಕಿಡ್‌ಗೆ ಲಂಚವಾಗಿ ಕೊಟ್ಟ. ಒಂದು ಟೋಪಿಗೆ ಒಬ್ಬ ಮನುಷ್ಯನ ಬಿಡುಗಡೆ. ಅಕ್ಟೋಬರ್ 20ರಂದು ಮುಂಬಯಿಯಲ್ಲಿ ಅವನು ಕೊಟ್ಟ ಹೇಳಿಕೆ ಇಂದಿಗೂ ಉಳಿದಿದೆ.

ದಡಕ್ಕೆ ಬಂದವರ ಬಾಯಿಂದ ಕೋಠಿಯವರಿಗೆ ಪಾರ್ಕರನ ಸುದ್ದಿ ತಿಳಿಯಿತು. ಅವರ ಕಡೆಯ ಇಬ್ಬರು ಹಡಗಿಗೆ ಹೋಗಿ ಸೆರೆಯವರನ್ನು ಬಿಡು ಎಂದರು. ಅಂಥವರು ಯಾರೂ ನನ್ನಲ್ಲಿಲ್ಲ ಎಂದ ಕಿಡ್. ಆ ಹೊತ್ತಿನಲ್ಲಿ ಸೆರೆಯವರಿಬ್ಬರನ್ನೂ ಹಡಗಿನ ತಳದ ಕತ್ತಲಲ್ಲಿ ಕೂಡಿಹಾಕಿದ್ದ. ಕೋಠಿಯವರು ಬರೆದ ಪತ್ರದಲ್ಲಿ ಕಿಡ್ ಕಣ್ಣಿಗೆ ಕಟ್ಟುತ್ತಾನೆ: ದಷ್ಟಪುಷ್ಟ ಆಳು, ಸಣ್ಣ ಮಾತಿಗೂ ತನ್ನವರ ಮೇಲೇ ಕೈ ಮಾಡುವವನು, ಮಾತೆತ್ತಿದರೆ ಪಿಸ್ತೂಲು ತರಿಸಿ ತಲೆ ಒಡೆಯುತ್ತೇನೆ ಎನ್ನುವವನು, ಅವನ ನೊಗದಿಂದ ಕಳಚಿಕೊಂಡರೆ ಸಾಕು ಎಂದು ಕಾಯುತ್ತಿರುವ ಆಳುಗಳು. ಕಾರವಾರದ ದಡದಲ್ಲಿ ಬರೆದ ಆ ಮಾತು ಸುಳ್ಳಾಗಲಿಲ್ಲ. ಅಕ್ಟೋಬರ್ 30ರಂದು ಕಡಲಿನಲ್ಲಿ ತನ್ನದೇ ತೋಪುಗಾರ ವಿಲಿಯಂ ಮೂರ್ ಎಂಬವನ ತಲೆಗೆ ಕಬ್ಬಿಣದ ಪಟ್ಟಿಯ ಬಕೀಟಿನಿಂದ ಹೊಡೆದ. ಮಾರನೆಯ ದಿನ ಮೂರ್ ಸತ್ತ.

ಕೋಠಿಯವರ ಆತಂಕಕ್ಕೆ ಕಾರಣ ಇತ್ತು. ಎರಡು ವರ್ಷ ಹಿಂದೆ, 1695ರಲ್ಲಿ, ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಳ್ಳ ಔರಂಗಜೇಬನ ಗಂಜ್-ಇ-ಸವಾಯಿ ಹಡಗನ್ನು ದೋಚಿದ್ದ. ಅದರ ಸಿಟ್ಟಿಗೆ ಸೂರತ್ತಿನ ಇಂಗ್ಲಿಷರ ಕಾಲಿಗೆ ಬೇಡಿ ಬಿತ್ತು. ಕಾರವಾರದಲ್ಲೂ ನೆಲ ಗಟ್ಟಿಯಿರಲಿಲ್ಲ. 1684ರಲ್ಲಿ ಒಂದು ಹಡಗಿನವರು ದನ ಕದ್ದು ಕೊಂದದ್ದಕ್ಕೆ ಊರವರು ಎದ್ದು, ಇಂಗ್ಲಿಷರು ಅಲ್ಲಿಂದ ಕಾಲ್ಕೀಳುವುದೊಂದು ಬಾಕಿಯಿತ್ತು. ನಾವಿಕ ಇಳಿದು ಮಾಡುವ ಪುಂಡಾಟಕ್ಕೆ ದಂಡ ತೆರುವವನು ದಡದಲ್ಲಿ ಉಳಿದವನು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1698ರ ಜನವರಿ 30ರಂದು ಕಿಡ್ ಕೇರಳದ ಕಡಲಿನಲ್ಲಿ ಕ್ವೆಡಾ ಮರ್ಚೆಂಟ್ ಎಂಬ ಭಾರೀ ಹಡಗನ್ನು ಹಿಡಿದ. ನಾನು ಮೊದಲು ಹೇಳಿದ ಸಾಂತ್ ಮಾರಿ ದ್ವೀಪಕ್ಕೆ ಹೋದ. ಅಲ್ಲಿ ಅವನ ಜನರಲ್ಲಿ ಹೆಚ್ಚಿನವರು ಬಿಟ್ಟುಹೋದರು. ಅಮೆರಿಕದಲ್ಲಿ ಸೆರೆಸಿಕ್ಕು, 1701ರ ಮೇ 23ರಂದು ಲಂಡನ್ನಿನ ವಾಪಿಂಗ್ ದಡದಲ್ಲಿ ಗಲ್ಲಿಗೇರಿದ. ಕುಡಿದೇ ಗಲ್ಲಿನ ಬುಡಕ್ಕೆ ಬಂದನೆಂದು ಜೈಲಿನ ಪಾದ್ರಿ ಬೇಸರಪಟ್ಟುಕೊಂಡ. ಮೊದಲ ಸಲ ಹಗ್ಗ ಹರಿಯಿತು, ಎತ್ತಿ ಮತ್ತೆ ನೇತುಹಾಕಿದರು. ಹೆಣವನ್ನು ಥೇಮ್ಸ್ ನದಿಯ ಬಾಯಲ್ಲಿ ಬಂದು ಹೋಗುವ ನಾವಿಕರಿಗೆ ಕಾಣುವಂತೆ ತೂಗುಬಿಟ್ಟರು. ಅವನಿಗೆ ಹಣ ಹೂಡಿ ಕಳಿಸಿದ್ದ ಲಾರ್ಡುಗಳಲ್ಲಿ ಒಬ್ಬನಿಗೂ ಗಲ್ಲಾಗಲಿಲ್ಲ. ಈಗ ವಾಪಿಂಗ್‌ನಲ್ಲಿ ಅವನ ಹೆಸರಿನ ಮದ್ಯದಂಗಡಿಯೇ ಇದೆ, ಪ್ರವಾಸಿಗರು ಹೋಗಿ ಕೂರುತ್ತಾರೆ.

ಕಾರವಾರದ ಕೋಠಿಗೆ ಸೇರಿದ ಇನ್ನೊಂದು ಕಥೆ ಇದೆ. 1709ರಲ್ಲಿ ಬಂಗಾಳಕ್ಕೆ ಹೊರಟ ಹಡಗೊಂದು ಕಾರವಾರಕ್ಕೆ ಬಂತು. ಅದರಲ್ಲಿ ಕ್ಯಾಥರೀನ್ ಕುಕ್ ಎಂಬ ಹುಡುಗಿ, ಹದಿಮೂರೋ ಹದಿನಾಲ್ಕೋ ವಯಸ್ಸು. ಕೋಠಿಯ ಮುಖ್ಯಸ್ಥ ಜಾನ್ ಹಾರ್ವೆ ವಯಸ್ಸಾದವನು. ಅವನಿಗೆ ಅವಳನ್ನು ಕೊಟ್ಟು ತಂದೆತಾಯಿ ಮುಂದೆ ಹೋದರು. ಎರಡು ವರ್ಷಕ್ಕೆ ಹಾರ್ವೆ ಸತ್ತ. ಥಾಮಸ್ ಚೌನ್ ಎಂಬವನನ್ನು ಮದುವೆಯಾಗಿ 1712ರ ನವೆಂಬರಿನಲ್ಲಿ ಮುಂಬಯಿಯಿಂದ ಕಾರವಾರಕ್ಕೆ ಬರುತ್ತಿದ್ದಾಗ ಕಾನ್ಹೋಜಿ ಆಂಗ್ರೆಯ ಹಡಗುಗಳು ಎರಗಿದವು. ಚೌನನ ತೋಳು ಗುಂಡಿಗೆ ಹರಿದುಹೋಯಿತು, ಅವಳ ತೊಡೆಯ ಮೇಲೆ ಪ್ರಾಣ ಬಿಟ್ಟ. ಅವಳು ಸೆರೆಯಾದಳು. 30,000 ರೂಪಾಯಿ ಕೊಟ್ಟು ಬಿಡಿಸಿಕೊಂಡಾಗ, ಕರೆತರಲು ಹೋದ ಅಧಿಕಾರಿ ತನ್ನ ಬಟ್ಟೆಯನ್ನೇ ಅವಳಿಗೆ ಹೊದಿಸಬೇಕಾಯಿತು. ಮೆಣಸಿನ ಲೆಕ್ಕದ ಪುಸ್ತಕಗಳಲ್ಲಿ ಇಂಥ ಹುಡುಗಿಯರ ಹೆಸರು ಬರುವುದೇ ಅಪರೂಪ. ಹಾಗಾಗಿ ಇವಳ ಹೆಸರನ್ನು ಬೇಕೆಂದೇ ಇಲ್ಲಿ ಹೇಳಿದೆ.

ಇಂಗ್ಲಿಷರು ಆಂಗ್ರೆಯನ್ನು ಕಡಲ್ಗಳ್ಳ ಎಂದರು. ಮರಾಠರಿಗೆ ಅವನು ಸರಖೇಲ, ನೌಕಾಪಡೆಯ ದಂಡನಾಯಕ. ಇಂದು ಮುಂಬಯಿಯ ನೌಕಾನೆಲೆಗೆ ಐಎನ್‌ಎಸ್ ಆಂಗ್ರೆ ಎಂದು ಹೆಸರು. ಚೌನನ ಹೆಂಡತಿಗೆ ಬಂದ ದುಃಖವೂ ನಿಜ, ಆಂಗ್ರೆ ತನ್ನ ಕರಾವಳಿಯನ್ನು ಕಾದದ್ದೂ ನಿಜ. ಒಂದನ್ನು ಹೇಳುವಾಗ ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಸೋದೆಯ ನಾಯಕರೂ ಕಡಲಿನ ವಿಷಯದಲ್ಲಿ ದೂರ ನಿಂತವರಲ್ಲ. 1715ರಲ್ಲಿ ಬಸವಲಿಂಗ ನಾಯಕ ಕಾರವಾರದ ಹಳೆಯ ಕೋಟೆಯನ್ನು ಕೆಡವಿಸಿ, ಕಾಳಿಯ ಬಾಯಲ್ಲಿ ಹೊಸ ಕೋಟೆ ಕಟ್ಟಿಸಿ, ತಂದೆಯ ಹೆಸರಿನಲ್ಲಿ ಸದಾಶಿವಗಡ ಎಂದು ಕರೆದ. ಒಡೆದ ಹಡಗಿನ ಮಾಲು ಆ ದಡದ ಅರಸನಿಗೆ ಸೇರತಕ್ಕದ್ದು ಎಂಬುದು ಈ ಕರಾವಳಿಯ ಹಳೆಯ ರೂಢಿ, ಇಬ್ನ್ ಬತೂತನೂ ಅದನ್ನು ಹೇಳಿದ್ದಾನೆ. 1717ರ ಸುಮಾರಿಗೆ ಕಾರವಾರದ ಬಳಿ ಒಡೆದ ಒಂದು ಹಡಗಿನ ಮಾಲಿನ ಮೇಲೆಯೇ ಇಂಗ್ಲಿಷರಿಗೂ ಸೋದೆಯವರಿಗೂ ಜಗಳ ಹತ್ತಿತು. ಸೋದೆಯ ದಂಡು ಕೋಠಿಗೆ ಮುತ್ತಿಗೆ ಹಾಕಿತು. ಬಿಡಿಸಲು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾಯಕ ಹಡಗುಗಳೊಂದಿಗೆ ಬರಬೇಕಾಯಿತು. ಶಾಲ್ಮಲೆಯ ದಂಡೆಯ ಒಂದು ಸಣ್ಣ ಸಂಸ್ಥಾನ, ಮುಂಬಯಿಯಿಂದ ಬಂದ ಪಡೆಯ ಎದುರು ತಿಂಗಳುಗಟ್ಟಲೆ ನಿಂತಿತ್ತು. ಸೋದೆಗೆ ಹೋದಾಗ ಮಠ, ಬಸದಿ ನೋಡಿ ಬರುವವರು ಹಳೆಯ ಕೋಟೆಯ ಕಡೆಗೂ ಹೆಜ್ಜೆ ಹಾಕಿ. ಕಡಲಿನ ಈ ಜಗಳದ ಅಪ್ಪಣೆಗಳು ಹೊರಟದ್ದು ಆ ರಾಜಧಾನಿಯಿಂದ.

ಇಂದಿನ ಕಾಲಕ್ಕೆ ಬಂದರೆ, ಕಾರವಾರದ ಪಕ್ಕದಲ್ಲಿ 2005ರಲ್ಲಿ ನಮ್ಮ ನೌಕಾಪಡೆ ತೆರೆದ ನೆಲೆಯ ಹೆಸರು ಐಎನ್‌ಎಸ್ ಕದಂಬ, ಶಿರಸಿ ತಾಲ್ಲೂಕಿನ ಬನವಾಸಿಯಿಂದ ಆಳಿದವರ ಹೆಸರು. ಸೊಮಾಲಿಯಾದ ಕಡಲ್ಗಳ್ಳರನ್ನು ತಡೆಯಲು 2008ರಿಂದ ಭಾರತದ ನೌಕಾಪಡೆಯ ಹಡಗುಗಳು ಏಡನ್ ಕೊಲ್ಲಿಗೆ ಹೋಗುತ್ತಿವೆ. ಕಿಡ್ ಹೊಂಚು ಹಾಕಿದ್ದೂ ಅದೇ ಕೊಲ್ಲಿಯ ತುದಿಗೆ, ಕೆಂಪು ಸಮುದ್ರದ ಬಾಯಲ್ಲಿ.

ಕಡೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮೇಲೆ ಹೇಳಿದ್ದೆಲ್ಲ ಹೊರಗಿನಿಂದ ಬಂದವರ ಬರಹದಿಂದ ಎತ್ತಿದ್ದು: ಇಟಲಿಯವರು, ಮೊರಾಕ್ಕೊದವರು, ಪೋರ್ಚುಗೀಸರು, ಇಂಗ್ಲಿಷರು. ನಮ್ಮ ಕಡೆಯ ಲೆಕ್ಕವೂ ಬರೆದಿಟ್ಟದ್ದೇ. ಕಪ್ಪು ಅರಿವೆಗೆ ಹುಣಸೆಬೀಜದ ಸರಿ ಬಳಿದು, ಮಡಿಸಿ, ಬಳಪದಲ್ಲಿ ಬರೆದ ಕಡತಗಳು ಮಲೆನಾಡಿನ ಮನೆಗಳ ಅಟ್ಟದ ಮೇಲೆ, ಮರದ ಸಂದೂಕದೊಳಗೆ ಇನ್ನೂ ಇರಬಹುದು. ಮೆಣಸು ಎಷ್ಟು ಹೇರು ಇಳಿಯಿತು, ಯಾವ ಬಂದರಿನ ಯಾವ ಸಾಹುಕಾರನಿಗೆ ಹೋಯಿತು, ದರ ಏನು, ದಾರಿಯ ಸುಂಕ ಎಷ್ಟು, ಯಾವ ವರ್ಷ ಹಣ ಬರಲಿಲ್ಲ? ಅಂಥ ಒಂದು ಸಾಲು ಸಿಕ್ಕರೂ ಸಾಕು. ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಳಪದ ಅಕ್ಷರ ಅಳಿಸಿಹೋಗುತ್ತದೆ. ಹಾಗೇ ಬಿಡಿಸಿ ಒಂದು ಚಿತ್ರ ತೆಗೆದಿಡಿ, ಓದಬಲ್ಲ ಹಿರಿಯರಿಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತೋರಿಸಿ.